ಮೂರು ಬೀಗದ ಪೆಟ್ಟಿಗೆ

ಅಲೆಫಾ ಮಂಡಿ ಮಡಚಲಿಲ್ಲ. ಆದದ್ದು ಇಷ್ಟೇ. ಆದರೆ ಬೋರ್‌ವೆಲ್ಲಿನಿಂದ ಎಲೂಬಿ ನಾಚಿಸಾಲೆ ಮನೆಗೆ ಬಂದು, ತಲೆಯ ಮೇಲಿನ ಬಕೆಟ್ ಇಳಿಸಿ, ಒಲೆ ಊದಿ, ಗೆಣಸು ಬೇಯಲು ಇಟ್ಟ ಮೇಲೂ ಆ ಮಡಚದ ಮಂಡಿಯೇ ಕಣ್ಣ ಮುಂದೆ ನಿಂತಿತ್ತು. ದೊಡ್ಡವರು ಎದುರಾದರೆ ಹುಡುಗಿಯರು ಮಂಡಿ ಮಡಚಬೇಕು, ಎರಡು ಕೈ ಕೂಡಿಸಬೇಕು, ಹೇಗೆ ಎದ್ದಿರಿ ಅಮ್ಮಾ ಎಂದು ಕೇಳಬೇಕು. ತಲೆಯ ಮೇಲೆ ತುಂಬಿದ ಬಕೆಟ್ ಇದ್ದರೂ ಹನಿ ಚೆಲ್ಲದೆ ಬಗ್ಗಿ ಏಳುವ ಹುಡುಗಿಯರು ಫಲೊಂಬೆಯಲ್ಲಿ ಬೇಕಾದಷ್ಟಿದ್ದಾರೆ. ಎಂಟು ವರ್ಷದಿಂದ ಶಾಲೆ ಶಾಲೆ ಸುತ್ತಿ ದೊಡ್ಡವರಿಗೆ ಹೆದರಬೇಡಿ ಮಕ್ಕಳೇ ಎಂದು ಹೇಳಿಕೊಂಡು ಬಂದವಳಿಗೆ, ಒಂದು ಮಗು ನಿಜಕ್ಕೂ ಹೆದರದೆ ಎದುರಿಗೆ ನಿಂತಾಗ ಮೊದಲು ಬಂದದ್ದು ಸಿಟ್ಟು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತಿತ್ತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು, ಏಕೆಂದರೆ ಆ ಸಿಟ್ಟಿನ ಬೆನ್ನಿಗೇ ಹುಡುಗಿ ಆಡಿದ ಮಾತುಗಳಿದ್ದವು.

ಇವತ್ತು ಜೂನ್ ಹದಿನಾರು, ಇಡೀ ಆಫ್ರಿಕಾ ಮಕ್ಕಳ ದಿನ ಆಚರಿಸುವ ದಿವಸ. ಹೊರಗೆ ಚಿಪೆರೋನಿ ಹಿಡಿದಿತ್ತು. ಮೊಜಾಂಬಿಕ್ ಕಡೆಯಿಂದ ಬರುವ ಈ ಚಳಿಯ ತುಂತುರು ಒಮ್ಮೆ ಹಿಡಿದರೆ ಬೆಟ್ಟವನ್ನೂ ನುಂಗುತ್ತದೆ, ಮನಸ್ಸನ್ನೂ ನುಂಗುತ್ತದೆ. ಹಗ್ಗದ ಮೇಲೆ, ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಲ್ಲಿಸುವ ಅಭಿಯಾನದ ಚಿಟೆಂಜೆ ತೂಗುತ್ತಿತ್ತು. ಸೊಂಟಕ್ಕೆ ಸುತ್ತಿಕೊಳ್ಳುವ ಎರಡು ಗಜದ ನೀಲಿ ಬಟ್ಟೆ, ಅಂಚಿನುದ್ದಕ್ಕೂ ಕೈ ಕೈ ಹಿಡಿದ ಮಕ್ಕಳು, ನಡುವೆ ದಪ್ಪ ಅಕ್ಷರದಲ್ಲಿ ‘ಮಗುವಿನ ಮೇಲೆ ಕೈ ಎತ್ತಬೇಡ’. ಯಾವ ಪುಣ್ಯಾತ್ಮ ಯಾವ ಕಚೇರಿಯಲ್ಲಿ ಕೂತು ಇದನ್ನು ಅಚ್ಚು ಹಾಕಿಸಿದನೋ, ಹೇಗೆ ಸುತ್ತಿಕೊಂಡರೂ ಆ ಅಕ್ಷರಗಳು ಸರಿಯಾಗಿ ಹಿಂಭಾಗಕ್ಕೇ ಬರುತ್ತಿದ್ದವು. ಮೊದಲ ಸಲ ನೋಡಿದಾಗ ಸೋದರಮಾವ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದರು. “ಒಳ್ಳೇ ಕಾನೂನು ಕಣೇ ಎಲೂಬಿ, ಕೂತ್ಕೊಂಡ್ರೆ ಯಾರಿಗೂ ಕಾಣಲ್ಲ” ಎಂದಿದ್ದರು. ಅವಳೂ ನಕ್ಕಿದ್ದಳು. ಮಾವನ ಜೊತೆ ನಗುವುದು ಅವಳಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಈಗ ಅದನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ಎರಡು ಸಲ ಬಿಚ್ಚಿ ಮೂರನೇ ಸಲ ಕಟ್ಟಿದಳು.

ಬೋರ್‌ವೆಲ್ ಹತ್ತಿರ ಮೂರು ಸಲ ಕೂಗಿದ್ದಳು. ಹುಡುಗಿ ತಿರುಗಲಿಲ್ಲ. ಹತ್ತಿರ ಹೋಗಿ ಹೆಗಲು ಮುಟ್ಟಿದಾಗ ಬೆಚ್ಚಿ, ಬಕೆಟ್ಟಿನ ನೀರು ತುಳುಕಿಸಿಕೊಂಡು, “ಆ ಕಡೆಯಿಂದ ಕೂಗಿದ್ರೆ ಕೇಳ್ಸಲ್ಲ ನಂಗೆ” ಅಂದಳು.

“ಯಾಕೆ ಮಗಾ, ಕಿವಿಗೇನಾಯ್ತು?”

“ಗೊತ್ತಿಲ್ದೋರ ಥರ ಕೇಳ್ತೀರಲ್ಲ.”

“ನಿಜವಾಗ್ಲೂ ಗೊತ್ತಿಲ್ಲ.”

“ಪೆಟ್ಟಿಗೆಗೆ ಹಾಕಿದ್ನಲ್ಲ, ಓದ್ಲಿಲ್ವಾ? ಎಲ್ಲಾರೂ ಓದಿದಾರೆ. ಮಪಾಂಗಾ ಮೇಷ್ಟ್ರು ಓದಿದಾರೆ. ಅವರ ಮಾವ ಓದಿದಾರೆ. ನಮ್ಮಜ್ಜಿಗೆ ಓದಕ್ಕೆ ಬರಲ್ಲ ಅಂತ ಜೋರಾಗಿ ಓದಿ ಹೇಳಿದಾರೆ. ನೀವೊಬ್ರೇ ಓದಿಲ್ವಾ?”

ಹದಿನಾಲ್ಕು ವರ್ಷದ ಹುಡುಗಿ, ಏಳನೇ ಕ್ಲಾಸು, ಅಜ್ಜಿಯ ಜೊತೆ ಇರುವವಳು. ಆಮೇಲಿನದನ್ನು ಅವಳು ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದಳು. ಲೆಕ್ಕ ತಪ್ಪಿದ್ದಕ್ಕೆ ಮಪಾಂಗಾ ಮೇಷ್ಟ್ರು ಅಂಗೈಯಿಂದ ಎಡಗಿವಿಯ ಮೇಲೆ ಹೊಡೆದದ್ದು, ನೆಲಕ್ಕೆ ಬಿದ್ದಾಗ ಎಬ್ಬಿಸಿ ಮತ್ತೆ ಅದೇ ಕಿವಿಗೆ ಹೊಡೆದದ್ದು, ಮೂರು ದಿನ ರಕ್ತ ಬಂದು ಆಮೇಲೆ ರಕ್ತವೂ ಇಲ್ಲ ಸದ್ದೂ ಇಲ್ಲ ಅಂತಾದದ್ದು, ಹೆಸರು ಹಾಕದೆ ಕಾಗದ ಬರೆದು ಪೆಟ್ಟಿಗೆಗೆ ಹಾಕಿದ್ದು. “ಆಮೇಲೆ ಮುಖ್ಯಸ್ಥರ ಅಂಗಳಕ್ಕೆ ಕರೆಸಿದ್ರು. ಮೇಷ್ಟ್ರ ಮುಂದೆ ಮಂಡಿಯೂರಿ ತಪ್ಪಾಯ್ತು ಅಂತ ಹೇಳ್ಸಿದ್ರು. ನಮ್ಮಜ್ಜಿಗೆ ಕೋಳಿ ಕೊಟ್ರು. ಇನ್ಮೇಲೆ ನಾನು ಯಾರಿಗೂ ಮಂಡಿಯೂರಲ್ಲ.” ಹೊರಡುವ ಮುಂಚೆ ಒಂದು ಕ್ಷಣ ನಿಂತು, “ಮೂರು ಬೀಗ ಇದೆ, ಮೂರು ಜನ ಒಟ್ಟಿಗೆ ಬಂದ್ರೇನೇ ತೆಗೆಯೋದು, ಅದ್ರಲ್ಲಿ ಒಂದು ಬೀಗದ ಕೈ ನನ್ನ ಸೊಂಟದಲ್ಲಿದೆ ಅಂತ ನೀವೇ ಕ್ಲಾಸಿಗೆ ಬಂದು ತೋರಿಸಿದ್ರಿ” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಲೂಬಿಗೆ ಎಷ್ಟೋ ಸುಲಭವಾಗುತ್ತಿತ್ತು.

ಹೌದು, ತೋರಿಸಿದ್ದಳು. ಸೊಂಟದ ಗಂಟಿನಿಂದ ಹಿತ್ತಾಳೆಯ ಬೀಗದ ಕೈ ಬಿಚ್ಚಿ ಎತ್ತಿ ಹಿಡಿದು, ಇದು ನನ್ನ ಮೈಮೇಲಿಂದ ಇಳಿಯುವುದಿಲ್ಲ ಮಕ್ಕಳೇ ಎಂದು ಹೇಳಿದ್ದಳು. ಊರಿನ ರೇಡಿಯೋದಲ್ಲೂ ಹೇಳಿದ್ದಳು. ಶಾಲೆಯ ಜಗಲಿಯ ಕಂಬಕ್ಕೆ ಬಿಗಿದ ಆ ಮರದ ದೂರುಪೆಟ್ಟಿಗೆಯ ಚಿತ್ರ ರಾಜಧಾನಿ ಲಿಲೊಂಗ್ವೆಯಲ್ಲಿ ಅಭಿಯಾನದ ದೊಡ್ಡ ಕಚೇರಿಯ ಗೋಡೆಯ ಮೇಲಿತ್ತು, ನೈರೋಬಿಯಲ್ಲಿ ಯಾವುದೋ ಸಭೆಯಲ್ಲಿ ಪರದೆಯ ಮೇಲೂ ಬಂದಿತ್ತಂತೆ. ಮೂರು ಬೀಗ, ಮೂರು ಕೈ. ಒಂದು ಹೆಡ್‌ಮಾಸ್ಟರದು, ಒಂದು ಊರಿನ ಮುಖ್ಯಸ್ಥರದು, ಒಂದು ತಾಯಂದಿರ ಸಂಘದ ಅಧ್ಯಕ್ಷೆ ಎಲೂಬಿಯದು. ಒಬ್ಬ ಮೋಸ ಮಾಡಿದರೆ ಇನ್ನಿಬ್ಬರು ತಡೆಯುತ್ತಾರೆ. ಕಚೇರಿಯವರ ತಲೆಗೆ ಹೊಳೆಯದೆ ಹೋದ ಒಂದು ಸಣ್ಣ ಸಂಗತಿ ಇಲ್ಲಿ ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದರಿಂದಲೇ ಯಾರಿಗೂ ಅದೊಂದು ಸಂಗತಿ ಅನ್ನಿಸಿರಲಿಲ್ಲ. ಊರಿನ ಮುಖ್ಯಸ್ಥರು ಎಲೂಬಿಯ ತಾಯಿಯ ಅಣ್ಣ. ತಾಯಿಯ ಕಡೆಯಿಂದಲೇ ಕುಲ ನಡೆಯುವ ನಾಡಿನಲ್ಲಿ ಸೋದರಮಾವ ಎಂದರೆ ಮನೆಯ ಮಾಡು, ಬೇಲಿ, ಬಾಗಿಲು ಎಲ್ಲ. ಅವಳ ಮದುವೆ ಮಾತಾಡಿದ್ದು ಅವರು, ಗಂಡ ಸತ್ತಾಗ ಗಂಡನ ಕಡೆಯವರ ಜೊತೆ ಕೂತು ಎಲ್ಲ ಬಗೆಹರಿಸಿದ್ದು ಅವರು, ಅವಳ ಮಗಳಿಗೆ ಹೆಸರಿಟ್ಟದ್ದೂ ಅವರು. ಮೂರು ಕೈ ಎಂದು ಕಾಗದದ ಮೇಲಿತ್ತು, ನಿಜಕ್ಕೂ ಇದ್ದದ್ದು ಎರಡೇ.

ಹೋದ ತಿಂಗಳು ತರಬೇತಿಗೆಂದು ನಾಲ್ಕು ದಿನ ಲಿಲೊಂಗ್ವೆಗೆ ಹೊರಟ ಬೆಳಿಗ್ಗೆ ಮಾವ ಬಾಗಿಲಿಗೆ ಬಂದಿದ್ದರು. ಒಬ್ಬಂಟಿ ಹೆಂಗಸು ಊರು ಬಿಟ್ಟು ಹೋಗುವಾಗ ಮನೆಯ ಬೀಗದ ಕೈಗಳನ್ನು ಮಾವನ ಕೈಗೆ ಕೊಟ್ಟು ಹೋಗುವುದು ಹೇಳಿಸಿಕೊಂಡು ಮಾಡುವ ಕೆಲಸವಲ್ಲ. ಅವಳು ಗೊಂಚಲು ಬಿಚ್ಚಿ, ಎರಡು ಕೈಯಲ್ಲಿ ಹಿಡಿದು, ಮಂಡಿಯೂರಿ ಕೊಟ್ಟಿದ್ದಳು. ಕೊಡುವ ಮುಂಚೆ ಹೆಬ್ಬೆರಳು ಹಿತ್ತಾಳೆಯ ಆ ಒಂದರ ಮೇಲೆ ನಿಂತಿತ್ತು. ಇದನ್ನು ತೆಗೆದುಕೊಳ್ಳಬೇಕು ಎಂದು ಅನ್ನಿಸಿತ್ತು. ಖಂಡಿತ ಅನ್ನಿಸಿತ್ತು, ಈಗ ಅದನ್ನು ಇಲ್ಲ ಎನ್ನಲು ಸಾಧ್ಯವಿರಲಿಲ್ಲ. ಆದರೆ ಮಾವ ನೋಡುತ್ತ ನಿಂತಿದ್ದಾರೆ, ಅವರ ಕಣ್ಣೆದುರಿಗೇ ಗೊಂಚಲಿನಿಂದ ಒಂದನ್ನು ಬಿಡಿಸಿಕೊಳ್ಳುವುದು ಎಂದರೆ ನಿಮ್ಮನ್ನು ನಂಬುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಎರಡು ಉಸಿರಿನಷ್ಟು ಹೊತ್ತು ಹೆಬ್ಬೆರಳು ಅಲ್ಲಿತ್ತು. ಆಮೇಲೆ ಬಸ್ಸು ತಪ್ಪುತ್ತದೆ ಎಂದುಕೊಂಡಳು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.

ಗೆಣಸು ಒಲೆಯ ಮೇಲೇ ಬಿಟ್ಟು ಮಾವನ ಅಂಗಳಕ್ಕೆ ಹೋದಳು. ಮಾವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕಪ್ಪು ಕೋಟಿನಲ್ಲಿ ಕೂತಿದ್ದರು, ಅತಿಥಿಗಳ ಮುಂದೆ ಹಾಕಿಕೊಳ್ಳುವ ಟೋಪಿ ತೊಡೆಯ ಮೇಲಿತ್ತು. ಬರುವಾಗ ದಾರಿಯುದ್ದಕ್ಕೂ ಇವತ್ತು ನಿಂತೇ ಮಾತಾಡುತ್ತೇನೆ ಎಂದುಕೊಂಡಿದ್ದಳು. ಹತ್ತಿರ ಬಂದಾಗ ಮಂಡಿಗಳು ತಾವಾಗಿಯೇ ಒದ್ದೆ ನೆಲಕ್ಕೆ ಹೋದವು.

“ಹೇಗೆ ಎದ್ದಿರಿ ಮಾವ?”

“ನೀನು ಎದ್ದಿದ್ರೆ ನಾನೂ ಎದ್ದ ಹಾಗೇ. ಏಳು, ಬಟ್ಟೆ ಒದ್ದೆಯಾಗುತ್ತೆ, ಇವತ್ತು ನಿನ್ನ ಹಿಂದೇನೇ ಎಲ್ಲಾರೂ ಓದ್ಬೇಕು.”

ಅವಳು ನಗಲಿಲ್ಲ. “ನಾನು ಲಿಲೊಂಗ್ವೆಗೆ ಹೋದಾಗ ಪೆಟ್ಟಿಗೆ ತೆಗೆದ್ರಾ?”

ಅವರು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುವ ಅಗತ್ಯವೇ ಅವರಿಗೆ ಕಾಣಲಿಲ್ಲ. “ತೆಗೆದ್ವಿ” ಎಂದರು, ಕೋಟಿನ ಗುಂಡಿ ಹಾಕಿಕೊಳ್ಳುತ್ತ. “ಹೆಡ್‌ಮಾಸ್ಟರು ಬಂದು ಅಳೋದೊಂದು ಬಾಕಿ. ಘಾನಾದಿಂದ ದೊಡ್ಡೋರು ಬರ್ತಾರೆ, ಎಲ್ಲರ ಮುಂದೆ ತೆಗೀಬೇಕು, ಒಳಗೆ ಹಾವಿದೆಯೋ ಚೇಳಿದೆಯೋ ನೋಡ್ಬಿಡೋಣ ಅಂದ. ನೋಡಿದ್ವಿ. ಒಂದೇ ಒಂದು ಕಾಗದ. ಮೊದಲನೇ ವರ್ಷ ಬುಟ್ಟಿ ತುಂಬ ಇತ್ತು, ಜ್ಞಾಪಕ ಇದೆಯಾ? ನಿನ್ನ ಕೆಲಸ ಎಷ್ಟು ಚೆನ್ನಾಗಿ ಆಗಿದೆ ನೋಡು.”

“ಅದರಲ್ಲಿ ಹೆಸರಿರ್ಲಿಲ್ಲ.”

“ಏಳನೇ ಕ್ಲಾಸಲ್ಲಿ ಒಂದು ಕಿವಿ ಕೇಳ್ಸದ ಹುಡುಗೀರು ಎಷ್ಟು ಜನ ಇದಾರೆ ಎಲೂಬಿ? ಹೆಸರು ಯಾತಕ್ಕೆ?”

“ಮೇಷ್ಟ್ರಿಗೆ ಯಾಕೆ ತೋರಿಸಿದ್ರಿ?”

“ತೋರಿಸದೆ ಬಗೆಹರಿಸೋದು ಹೇಗೆ? ಅವನ ಮಾವ ಬಂದ, ನಾನು ಕೂತೆ. ಎರಡು ಕಡೆ ಹಿರಿಯರು ಕೂತ್ಮೇಲೆ ಮುಗೀತು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅಜ್ಜಿಗೆ ಕೋಳಿ, ಒಂದು ಡಬ್ಬ ಎಣ್ಣೆ, ಸೋಪು. ಮುದುಕಿ ಕೈ ಮುಗಿದ್ಲು. ಪೊಲೀಸರ ತನಕ ಹೋಗಿದ್ರೆ ಏನಾಗ್ತಿತ್ತು? ಮೇಷ್ಟ್ರು ಹೋಗ್ತಿದ್ದ, ಲೆಕ್ಕ ಹೇಳೋರಿಲ್ಲ. ಹೋದ ಕಿವಿ ಬರ್ತಿತ್ತಾ?”

“ಹುಡುಗೀನ ಮಂಡಿಯೂರಿಸಿದ್ರಿ.”

“ಚಿಕ್ಕೋಳು ದೊಡ್ಡೋರ ಮೇಲೆ ಬರೆದಿದಾಳೆ. ಆ ಗಾಯಾನೂ ಮಾಯಬೇಕಲ್ಲ.”

“ಅವಳನ್ನ ಒಂದು ಮಾತು ಕೇಳಿದ್ರಾ?”

ಮಾವ ಅವಳನ್ನು ಮುದ್ದಿನಿಂದಲೇ ನೋಡಿದರು. “ಕೋಳೀನ ಕೇಳಿ ಮಸಾಲೆ ಅರೀತಾರೇನೇ?”

ಕಾಗದ ಎಲ್ಲಿ ಎಂದು ಕೇಳಿದಳು. ಒಲೆಗೆ ಹಾಕಿದೆ ಎಂದರು, ಸಹಜವಾಗಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎನ್ನುತ್ತಾರಲ್ಲ, ಆ ಮಾತನ್ನು ಎಷ್ಟು ಸಭೆಗಳಲ್ಲಿ ತಾನೇ ಎಷ್ಟು ಹಗುರವಾಗಿ ಆಡಿದ್ದೆ ಎಂದು ಎಲೂಬಿಗೆ ಅನ್ನಿಸಿತು. ಬೇರೆ ಯಾರು ಮಾಡಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ಇವರು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಸೈಕಲ್ ತುಳಿದುಕೊಂಡು ಶಾಲೆಗೆ ಬಂದು, ನೇರ ಕ್ಲಾಸಿನೊಳಗೆ ನಡೆದು, ಅವಳ ಬೆನ್ನಿನ ಮೇಲೆ ಬರೆ ಎಬ್ಬಿಸಿದ ಮೇಷ್ಟ್ರ ಮುಂದೆ ಎದೆ ಕೊಟ್ಟು ನಿಂತು, ಹೊಡೆಯೋ ಆಸೆ ಇದ್ದರೆ ನನಗೆ ಹೊಡಿ ಎಂದವರು ಇವರು. ಅರವತ್ತು ಮಕ್ಕಳು ಉಸಿರು ಬಿಗಿಹಿಡಿದು ನೋಡಿದ್ದರು. ಆ ದಿನದಿಂದಲೇ ತಾನು ಈ ಕೆಲಸಕ್ಕೆ ಹುಟ್ಟಿದೆ ಎಂದು ಎಲೂಬಿ ನಂಬಿದ್ದಳು. ರೇಡಿಯೋದಲ್ಲಿ, ಚರ್ಚಿನಲ್ಲಿ, ಲಿಲೊಂಗ್ವೆಯ ಮೈಕಿನ ಮುಂದೆ ಈ ಕಥೆಯನ್ನು ಅದೆಷ್ಟು ಸಲ ಹೇಳಿದ್ದಳೋ. “ನನಗೋಸ್ಕರ ಎದೆ ಕೊಟ್ಟು ನಿಂತಿದ್ರಿ ಮಾವ. ಅವಳಿಗೆ ಯಾಕೆ ನಿಲ್ಲಲಿಲ್ಲ?”

“ನಿನ್ನ ಸಲಾನೂ ಹೀಗೇ ಅಲ್ವೇನೇ ಮಾಡಿದ್ದು” ಎಂದರು ಮಾವ, ನಿಜಕ್ಕೂ ಆಶ್ಚರ್ಯಪಟ್ಟುಕೊಂಡು. “ಬೆಳಿಗ್ಗೆ ಕೂಗಾಡಿದೆ, ಸಂಜೆ ಮೇಷ್ಟ್ರು ಅವನ ಮಾವನ್ನ ಕರ್ಕೊಂಡು ಬಂದ. ಕಪ್ಪು ಹುಂಜ ತಂದಿದ್ದ. ಕೂಗಾಡಿದ್ರೇನೇ ಹುಂಜ ದೊಡ್ಡದು ಬರೋದು. ತೊಡೆ ನೀನೇ ತಿಂದೆ, ಮರೆತೆಯಾ?”

ಮರೆತಿರಲಿಲ್ಲ. ಅದೇ ತೊಂದರೆ. ತಟ್ಟೆಯಲ್ಲಿ ನ್ಸಿಮಾ ಮುದ್ದೆಯ ಪಕ್ಕ ಇಡೀ ಒಂದು ತೊಡೆ, ಗಂಡಸರಿಗೆ ಮೀಸಲಾದ ತುಂಡು, ಮಾವ ಸ್ವಂತ ಕೈಯಿಂದ ಇಟ್ಟಿದ್ದರು. ನಾನು ಧೈರ್ಯವಾಗಿದ್ದುದಕ್ಕೆ ಕೊಟ್ಟರು ಎಂದುಕೊಂಡು ಬೆನ್ನು ಉರಿಯುತ್ತಿದ್ದರೂ ಮೂಳೆ ಚೀಪಿ ಚೀಪಿ ತಿಂದಿದ್ದಳು. ಮೂವತ್ತೇಳು ವರ್ಷ ಆ ರುಚಿಯನ್ನು ಜೋಪಾನ ಮಾಡಿಕೊಂಡಿದ್ದಳು. ಆ ಮೇಷ್ಟ್ರು ಆಮೇಲೂ ಹತ್ತು ವರ್ಷ ಅದೇ ಶಾಲೆಯಲ್ಲಿದ್ದ. ಎಲೂಬಿಯ ಮೈ ಮುಟ್ಟಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಫಲೇಸಿಯ ಕೈಬೆರಳು ಮುರಿದ. ಫಲೇಸಿಗೆ ಕೂಗಾಡುವ ಮಾವ ಇರಲಿಲ್ಲ. ಈ ಫಲೇಸಿ ಇಷ್ಟು ವರ್ಷ ಎಲ್ಲಿದ್ದಳು, ತಾನು ಹೇಳುವ ಕಥೆಯೊಳಗೆ ಒಮ್ಮೆಯಾದರೂ ಯಾಕೆ ಬರಲಿಲ್ಲ? “ಹೋಗು, ಮುಖ ತೊಳ್ಕೋ” ಎನ್ನುತ್ತಿದ್ದರು ಮಾವ. “ಹತ್ತು ಗಂಟೆಗೆ ಬರ್ತಾರೆ. ನಿಂಗೂ ಒಳ್ಳೇದಾಗಲಿ ಅಂತಾನೇ ಮಾಡಿದ್ದು. ನಿನ್ನ ಹೆಸರು ಕೆಡಬಾರ್ದು ಅಂತ.” ಅವಳ ಬೀಗದ ಕೈಗಳನ್ನು ನಾಲ್ಕು ದಿನಕ್ಕೆ ಸರಿಯಾಗಿ ಹಿಂದಕ್ಕೆ ಕೊಟ್ಟಿದ್ದರು, ಎಣ್ಣೆ ಹಾಕಿಸಿ.

ಹತ್ತು ಗಂಟೆಗೆ ಬರಬೇಕಾದವರು ಹನ್ನೆರಡಕ್ಕೆ ಬಂದರು. ಶಾಲೆಯ ಅಂಗಳದಲ್ಲಿ ಟಾರ್ಪಾಲು ಕಟ್ಟಿತ್ತು, ಮಧ್ಯೆ ನೀರು ನಿಂತು ಜೋತುಬಿದ್ದಿತ್ತು. ಅಭಿಯಾನದ ಪರವಾಗಿ ಘಾನಾದಿಂದ ಬಂದ ಶ್ರೀಮತಿ ಬೊಟ್ವೆ ಎತ್ತರದ ಹೆಂಗಸು, ಬೆಚ್ಚಗಿನ ಮುಖ, ಖಂಡದ ಉದ್ದಗಲಕ್ಕೂ ಇಂಥ ಶಾಲೆಗಳನ್ನು ನೋಡಿ ನೋಡಿ ದಣಿದಿದ್ದರೂ ಪ್ರತಿ ಮಗುವಿನ ಕೈಯನ್ನೂ ಕುಲುಕಿದರು. ಅವರ ಪಕ್ಕಕ್ಕೆ ಅಭಿಯಾನದ ಜಿಲ್ಲೆಯ ಅಧಿಕಾರಿ ಫತ್ಸಾನಿ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು. ಫೈಲಿನಲ್ಲಿ ಒಂದು ಹಾಳೆಯಿತ್ತು, ಎಲೂಬಿ ಅದನ್ನು ಲಿಲೊಂಗ್ವೆಯಲ್ಲಿ ನೋಡಿದ್ದಳು: ವರ್ಷದಿಂದ ವರ್ಷಕ್ಕೆ ದೂರುಗಳು ಇಳಿದುಬಂದದ್ದನ್ನು ತೋರಿಸುವ ಗೆರೆ. ಗೆರೆ ನೆಲ ಮುಟ್ಟಿದ ದಿನ ಆ ಶಾಲೆ ಗೆದ್ದ ಹಾಗೆ. ಮಕ್ಕಳು ಬಾಯಿ ಮುಚ್ಚಿಕೊಂಡರೂ ಗೆರೆ ನೆಲ ಮುಟ್ಟುತ್ತದಲ್ಲ ಎಂದು ಅವತ್ತು ಅವಳಿಗೆ ಹೊಳೆದಿರಲಿಲ್ಲ. ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದ್ದಳು.

ಮೊದಲು ಹಾಡು. ನಮ್ಮ ಮೈ ಮಣ್ಣಿನ ರಸ್ತೆಯಲ್ಲ, ತುಳಿಯಬೇಡಿ ಎಂದು ಎಲೂಬಿಯೇ ಕಟ್ಟಿಕೊಟ್ಟ ಹಾಡು. ಹಾಡಿಸುತ್ತಿದ್ದವನು ಮಪಾಂಗಾ ಮೇಷ್ಟ್ರು. ಒಳ್ಳೆಯ ಕಂಠ, ತಾಳಕ್ಕೆ ಸರಿಯಾಗಿ ಎರಡೂ ಅಂಗೈ ಮೇಲೆ ಕೆಳಗೆ ಆಡಿಸುತ್ತಿದ್ದ. ಎಲೂಬಿಯ ಕಣ್ಣು ಆ ಬಲ ಅಂಗೈಯನ್ನು ಬಿಟ್ಟು ಕದಲಲಿಲ್ಲ. ದಪ್ಪ ಬೆರಳು, ಒಂದು ಉಂಗುರ, ಸಾಧಾರಣ ಕೈ. ಅಲೆಫಾ ಏಳನೇ ಕ್ಲಾಸಿನ ಸಾಲಿನ ಕೊನೆಯಲ್ಲಿ ನಿಂತು ತಾಳಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತ ಹಾಡುತ್ತಿದ್ದಳು, ಪಕ್ಕದವಳು ಅವಳನ್ನು ಮೊಣಕೈಯಿಂದ ತಿವಿದು ನಗುತ್ತಿದ್ದಳು. ಆಮೇಲೆ ಪೆಟ್ಟಿಗೆ. ಮೂವರನ್ನು ಹೆಸರು ಹಿಡಿದು ಕರೆದರು. ಹೆಡ್‌ಮಾಸ್ಟರು ತಮ್ಮ ಬೀಗ ತೆಗೆದರು, ಮಾವ ತಮ್ಮದು ತೆಗೆದರು, ಎಲೂಬಿ ಸೊಂಟದ ಗಂಟು ಬಿಚ್ಚಿ ತನ್ನದನ್ನು ತೆಗೆದಳು. ಎಂಟು ವರ್ಷದಲ್ಲಿ ಆ ಬೀಗ ಇಷ್ಟು ಸಲೀಸಾಗಿ ಯಾವತ್ತೂ ತೆರೆದುಕೊಂಡಿರಲಿಲ್ಲ. ಹೆಡ್‌ಮಾಸ್ಟರು ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರು. ಒಂದು ಸತ್ತ ಜಿರಳೆ ಬಿತ್ತು. ಜನ ಚಪ್ಪಾಳೆ ತಟ್ಟಿದರು, ಹೆಂಗಸರು ನಾಲಿಗೆ ಆಡಿಸಿ ಉಲಿದರು, ಡೋಲು ಬಡಿಯಿತು. ಇದು ಜಿಲ್ಲೆಯ ಮೊದಲ ಹಿಂಸೆಯಿಲ್ಲದ ಶಾಲೆ ಎಂದು ಫತ್ಸಾನಿ ಮೈಕಿನಲ್ಲಿ ಎರಡು ಭಾಷೆಯಲ್ಲಿ ಸಾರಿದ. ಅಲೆಫಾ ಚಪ್ಪಾಳೆ ತಟ್ಟಲಿಲ್ಲ. ಎಲೂಬಿಯನ್ನು ನೋಡುತ್ತಿದ್ದಳು, ಅಷ್ಟೇ.

ಮೈಕು ಎಲೂಬಿಯ ಕೈಗೆ ಬಂತು. ತಾನು ಏನು ಹೇಳಬೇಕೆಂದು ಬರೆದುಕೊಂಡ ಚೀಟಿ ಕೈಯಲ್ಲಿತ್ತು, ಅದರಲ್ಲಿ ಸೈಕಲ್ ತುಳಿದುಕೊಂಡು ಬಂದ ಮಾವನ ಕಥೆಯೇ ಮೊದಲಿಗಿತ್ತು. ಹುಡುಗಿಯ ಹೆಸರು ಹೇಳುವ ಹಾಗಿಲ್ಲ. ಮೇಷ್ಟ್ರ ಹೆಸರು ಹೇಳಿದರೆ ಹುಡುಗಿ ಯಾರೆಂದು ತಾನಾಗಿ ಗೊತ್ತಾಗುತ್ತದೆ, ಮತ್ತೆ ಅಂಗಳಕ್ಕೆ ಎಳೆಯುತ್ತಾರೆ. ಹೇಳಲು ಉಳಿದದ್ದು ತನ್ನ ತಪ್ಪು ಮಾತ್ರ. “ಈ ಪೆಟ್ಟಿಗೆ ಖಾಲಿ ಇರ್ಲಿಲ್ಲ” ಎಂದಳು. ದನಿ ತನ್ನದಲ್ಲ ಅನ್ನಿಸಿತು. “ಮೊದಲೇ ತೆಗೆದಿದಾರೆ. ಒಳಗೊಂದು ಕಾಗದ ಇತ್ತು, ಅದು ಈಗಿಲ್ಲ. ನನ್ನ ಬೀಗದ ಕೈ ಮೈಮೇಲಿಂದ ಇಳಿಯಲ್ಲ ಅಂತ ಮಕ್ಕಳಿಗೆ ಮಾತು ಕೊಟ್ಟಿ‌ದ್ದೆ. ಇಳಿಸಿದೆ. ನಮ್ಮ ಮಾವನ ಕೈಗೆ ಕೊಟ್ಟೆ. ತಪ್ಪು ನನ್ನದು. ಈ ಚಪ್ಪಾಳೆ ಸುಳ್ಳು.”

ಹೆಡ್‌ಮಾಸ್ಟರು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಯಾರೂ ಕೇಳದಿದ್ದರೂ ತಮ್ಮ ಜೇಬಿನ ಬೀಗದ ಕೈ ತೆಗೆದು ತೋರಿಸಿದರು. ಈಗ ಏನೋ ಆಗುತ್ತದೆ ಎಂದು ಎಲೂಬಿ ಕಾದಳು. ಆಗ ಅವಳದೇ ತಾಯಂದಿರ ಸಂಘದ ಸಾಲಿನಿಂದ, ಅವಳದೇ ನೀಲಿ ಚಿಟೆಂಜೆ ಸುತ್ತಿಕೊಂಡ ಎನಿಫಾ, “ಮಾವನಿಗೆ ಕೊಡದೆ ಇನ್ಯಾರಿಗೇ ಕೊಡ್ತೀಯಾ ಎಲೂಬಿ? ಮೇಕೆಗೆ ಕೊಡ್ತೀಯಾ?” ಎಂದಳು. ನಗು ಎದ್ದಿತು. ಕೆಟ್ಟ ನಗುವಲ್ಲ, ಅಕ್ಕರೆಯ ನಗು. ಹಬ್ಬದ ದಿನ ನಮ್ಮ ಹುಡುಗಿಗೆ ಸಂಕಟ ಜಾಸ್ತಿಯಾಯಿತು ಎಂಬಂತೆ ಎಲ್ಲರೂ ನಕ್ಕರು, ಮಾವ ಎದ್ದು ಟೋಪಿ ತೆಗೆದು ಜನಕ್ಕೆ ತೋರಿಸಿದರು, ನಗು ಇನ್ನೂ ಹೆಚ್ಚಾಯಿತು. ಅವಳು ತನ್ನ ಎದೆಯನ್ನು ಬಗೆದು ಹೊರಗಿಟ್ಟಿದ್ದಳು, ಅದರಲ್ಲಿ ಅವರಿಗೆ ತಪ್ಪೇ ಕಾಣಲಿಲ್ಲ. ಇಷ್ಟು ವರ್ಷ ಜೊತೆಗೆ ನಡೆದ ಹೆಂಗಸರಿಗೂ ಕಾಣಲಿಲ್ಲ.

ಫತ್ಸಾನಿ ಶ್ರೀಮತಿ ಬೊಟ್ವೆಯ ಕಡೆ ಬಗ್ಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಎಲೂಬಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತದೆ. ಬೀಗದ ಕೈಯನ್ನು ಕುಟುಂಬದ ಹಿರಿಯರ ಜೊತೆ ಸೇರಿ ಜೋಪಾನ ಮಾಡಿದೆ, ಇಡೀ ಊರು ಇದರಲ್ಲಿ ಪಾಲುಗೊಂಡಿದೆ ಎನ್ನುತ್ತಿದ್ದಾಳೆ ಎಂದ, ಮುಖದ ಒಂದು ಗೆರೆಯನ್ನೂ ಕದಲಿಸದೆ. ಅಲ್ಲ ಎನ್ನಲು ಅವಳ ಬಾಯಿ ತೆರೆಯಿತು. ವಾಕ್ಯ ತಯಾರಾಗಿತ್ತು, ಆದರೆ ಅದರಲ್ಲಿ ಒಂದು ಪದ ಹಿಂದೆ ಬರಬೇಕೋ ಮುಂದೆ ಬರಬೇಕೋ ತಿಳಿಯಲಿಲ್ಲ. ಲಿಲೊಂಗ್ವೆಯಲ್ಲಿ ಒಮ್ಮೆ ಹೀಗೇ ಏನೋ ಹೇಳಹೋಗಿ ತಪ್ಪಾಡಿದಾಗ ಕಚೇರಿಯ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದದ್ದು ಕಣ್ಣ ಮುಂದೆ ಬಂತು. ಒಂದು ಮಗುವಿನ ಕಿವಿಗಿಂತ ಅವಳಿಗೆ ತನ್ನ ಇಂಗ್ಲಿಷಿನ ಮರ್ಯಾದೆ ಹೆಚ್ಚಾಯಿತು, ಹೆಚ್ಚೆಂದರೆ ಮೂರು ಉಸಿರಿನ ಹೊತ್ತು. ಅಷ್ಟರಲ್ಲಿ ಬೊಟ್ವೆ ಎದ್ದು ಬಂದು ಅವಳನ್ನು ತಬ್ಬಿಕೊಂಡಿದ್ದರು. ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು. ಪ್ರಶಸ್ತಿಪತ್ರ ಕೈಗೆ ಬಂದಾಗ ಎಲೂಬಿ ಅಭ್ಯಾಸಬಲದಿಂದ ಎರಡು ಕೈಯಲ್ಲಿ ತೆಗೆದುಕೊಂಡಳು, ಮಂಡಿ ಮಡಚಿ.

ಊಟಕ್ಕೆ ಅನ್ನ, ಹುರುಳಿ, ದೊಡ್ಡವರಿಗೆ ಕೋಳಿ. ಅವಳಿಗೂ ತಟ್ಟೆ ಬಂತು, ಮುಟ್ಟಲಿಲ್ಲ. ಪ್ರಶಸ್ತಿಪತ್ರವನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದಳು. ಎನಿಫಾ ಹಿಂದಿನಿಂದ “ಎಲ್ಲಿಗೇ, ಸಿಟ್ಟು ಮಾಡ್ಕೋಬೇಡ್ವೇ, ತಮಾಷೆಗೆ ಅಂದೆ” ಎಂದಳು. ಎಲೂಬಿ ಶಾಲೆಯ ಹಿಂಭಾಗಕ್ಕೆ ನಡೆದಳು. ಅಲೆಫಾ ಆರನೇ ಕ್ಲಾಸಿನ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಬೆರಳಿನಿಂದ ಹುರುಳಿ ಆರಿಸಿ ತಿನ್ನುತ್ತಿದ್ದಳು. ಎಲೂಬಿ ಸುತ್ತಿಕೊಂಡು ಹೋಗಿ ಅವಳ ಬಲಕ್ಕೆ ಕೂತಳು.

“ನೀವು ಹೇಳಿದ್ದು ಅರ್ಧ ಕೇಳಿಸ್ತು” ಅಂದಳು ಅಲೆಫಾ. “ನಗು ಪೂರ್ತಿ ಕೇಳಿಸ್ತು.”

“ನಿನ್ನ ಹೆಸರು ಹೇಳ್ಲಿಲ್ಲ ನಾನು.”

“ಮೇಷ್ಟ್ರ ಹೆಸರೂ ಹೇಳ್ಲಿಲ್ಲ.”

ಅದಕ್ಕೆ ಕಾರಣವಿತ್ತು. ಒಳ್ಳೆಯ ಕಾರಣ. ಹೇಳಹೊರಟಾಗ ಎಲೂಬಿಗೆ ಹೊಳೆಯಿತು, ಮಾವನ ಬಾಯಲ್ಲೂ ಬೆಳಿಗ್ಗೆ ಒಳ್ಳೆಯ ಕಾರಣಗಳೇ ಇದ್ದವು. ತಪ್ಪು ಒಪ್ಪಿಕೊಂಡು ತಾನು ಹಗುರಾಗಬೇಕೆಂದಷ್ಟೇ ಮೈಕು ಹಿಡಿದೆನೋ ಏನೋ ಎಂಬ ಸಂಶಯ ಮೊದಲ ಬಾರಿಗೆ ಬಂತು, ಬಂದ ಮೇಲೆ ಹೋಗಲಿಲ್ಲ.

“ನನ್ನ ಕಾಗದ ಎಲ್ಲಿದೆ?”

“ಸುಟ್ಟಿದಾರೆ.”

ಹುಡುಗಿ ತಟ್ಟೆ ಕೆಳಗಿಟ್ಟಳು. ಅವಳು ಅತ್ತಿದ್ದರೆ ತಬ್ಬಿಕೊಳ್ಳಬಹುದಿತ್ತು. ಅಳಲಿಲ್ಲ. ಚೆನ್ನಾಗಿ ಬರೆದಿದ್ದೆ, ಮೂರು ಸಲ ತಿದ್ದಿ ಬರೆದಿದ್ದೆ ಎಂದಷ್ಟೇ ಹೇಳಿದಳು.

“ಇನ್ನೊಂದು ಬರಿ ಮಗಾ” ಎಂದಳು ಎಲೂಬಿ. “ಪೆಟ್ಟಿಗೆ ಬೇಡ. ಪೊಲೀಸ್ ಠಾಣೆಯಲ್ಲಿ ಮಕ್ಕಳ ದೂರು ತಗೊಳ್ಳೋ ಹೆಂಗಸೊಬ್ಬಳಿದಾಳೆ, ಈಗಲೇ ಹೋಗೋಣ. ನಡೆದ್ರೆ ಒಂದೂವರೆ ಗಂಟೆ. ಆಸ್ಪತ್ರೇಲಿ ಕಿವೀನೂ ತೋರ್ಸೋಣ.”

“ನಾನು ಬರೆಯಲ್ಲ. ಬರೆದು ಏನಾಯ್ತು ನೋಡಿದ್ನಲ್ಲ. ನೀವು ಬರೀರಿ. ನಿಮ್ಮ ಹೆಸರು ಹಾಕಿ.”

ಅಲೆಫಾ ತನ್ನ ನೋಟ್‌ಬುಕ್ಕಿನ ನಡುವಿನಿಂದ ಒಂದು ಜೋಡಿ ಹಾಳೆ ಕಿತ್ತು, ಪೆನ್ನಿನ ಜೊತೆ ಮುಂದಿಟ್ಟಳು. ಎಲೂಬಿ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಮೇಲುಗಡೆ ತನ್ನ ಹೆಸರು ಬರೆದಳು, ಊರು ಬರೆದಳು. ಅಲೆಫಾ ಹೇಳಿದ ಹಾಗೆ ಹೊಡೆತಗಳನ್ನು ಬರೆದಳು, ಮಪಾಂಗಾ ಮೇಷ್ಟ್ರ ಹೆಸರು ಬರೆದಳು, ರಕ್ತ ಬಂದ ದಿನಗಳನ್ನು ಬರೆದಳು. ಬೀಗದ ಕೈ ಕೊಟ್ಟದ್ದನ್ನು ತಾನಾಗಿಯೇ ಬರೆದಳು, ಹೆಬ್ಬೆರಳು ಒಂದು ಕ್ಷಣ ಅದರ ಮೇಲೆ ನಿಂತಿದ್ದನ್ನೂ ಬರೆದಳು, ಪೊಲೀಸರಿಗೆ ಅದು ಬೇಕಿಲ್ಲ ಎಂದು ಗೊತ್ತಿದ್ದರೂ. ಆಮೇಲೆ, ಪೆಟ್ಟಿಗೆ ತೆಗೆದು ಕಾಗದ ತೆಗೆದುಕೊಂಡು ಹೋದವರು ಹೆಡ್‌ಮಾಸ್ಟರು ಮತ್ತು ಊರಿನ ಮುಖ್ಯಸ್ಥರು ಎಂದು ಬರೆದು ಪೆನ್ನು ಎತ್ತಿದಳು. ಅಲೆಫಾ ಬಗ್ಗಿ ಓದುತ್ತಿದ್ದಳು. “ಅದು ಹೆಸರಲ್ಲ” ಅಂದಳು.

ಹೆಡ್‌ಮಾಸ್ಟರ ಹೆಸರು ಸುಲಭವಾಗಿ ಹಾಳೆಗಿಳಿಯಿತು. ಆದರೆ ನಲವತ್ತಾರು ವರ್ಷದಲ್ಲಿ ಮಾವನ ಹೆಸರು ಎಲೂಬಿಯ ಬಾಯಿಂದ ಒಮ್ಮೆಯೂ ಹೊರಟಿರಲಿಲ್ಲ. ಹೊರಡುವ ಹಾಗಿರಲಿಲ್ಲ, ಹಿರಿಯರ ಹೆಸರನ್ನು ಯಾರಾದರೂ ಹಾಗೆ ಬರಿದೇ ಆಡುತ್ತಾರೆಯೇ. ಶಾಲೆಯ ಆಚೆಯಿಂದ ಡೋಲು ಮತ್ತೆ ಶುರುವಾಗಿತ್ತು, ಅದರ ನಡುವೆ ಮಾವ ಯಾರಿಗೋ ಏನೋ ಹೇಳಿ ನಗಿಸುತ್ತಿದ್ದುದು ಇಲ್ಲಿಗೂ ಕೇಳಿಸುತ್ತಿತ್ತು. ಆ ನಗುವನ್ನು ಅವಳು ಪ್ರೀತಿಸುತ್ತಿದ್ದಳು. ಈ ಕ್ಷಣದಲ್ಲೂ ಪ್ರೀತಿಸುತ್ತಿದ್ದಳು, ಅದೇ ಅವಳಿಗೆ ಸಹಿಸಲಾಗದ್ದು. ಗೆಲೆಸೊಮೊ ಮುಖೂನ ಎಂದು ಬರೆದಳು. ಕೊನೆಯ ಅಕ್ಷರ ಕೆಟ್ಟಿತು, ಅದರ ಮೇಲೆಯೇ ಇನ್ನೊಮ್ಮೆ ತಿದ್ದಿ, ಸ್ಪಷ್ಟವಾಗಿ ಓದಲು ಬರುವ ಹಾಗೆ ಮಾಡಿ, ಕೆಳಗೆ ಸಹಿ ಹಾಕಿದಳು.

ಅಲೆಫಾ ಹಾಳೆಯನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ತುಟಿ ಆಡಿಸುತ್ತ ಓದಿದಳು. ಮಡಚಿದಳು, ಮತ್ತೆ ಮಡಚಿದಳು. ತನ್ನ ಸೊಂಟದ ಗಂಟಿನಲ್ಲಿ ಭದ್ರವಾಗಿ ಇಟ್ಟುಕೊಳ್ಳೋಣವೆಂದು ಎಲೂಬಿ ಕೈ ಚಾಚಿದಳು. ಹುಡುಗಿ ಅದನ್ನು ನೋಡಿಯೂ ಕಾಗದವನ್ನು ತನ್ನ ರವಿಕೆಯೊಳಗೆ ತುರುಕಿಕೊಂಡಳು.

“ಇದು ನನ್ನ ಹತ್ರಾನೇ ಇರ್ಲಿ” ಅಂದಳು. “ನೀವು ಜೊತೆಗೆ ಬನ್ನಿ. ಠಾಣೇಲಿ ಓದಿ ಕೇಳಿದ್ರೆ, ಹೌದು ಅನ್ನಿ.”

ಎದ್ದು, ಲಂಗದ ಮಣ್ಣು ಕೊಡವಿ, ತುಂತುರಿನೊಳಗೆ ನಡೆಯತೊಡಗಿದಳು. ಎಲೂಬಿ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅವಳ ಹಿಂದೆ ಹೊರಟಳು.